ಒಗೆಯೋ ಕಲ್ಲಿನಿಂದ ವಾಷಿಂಗ್ ಮಷೀನ್‌ವರೆಗೆ: ಭಾರ ಇಳಿದದ್ದು ಯಾರ ಬೆನ್ನಿನಿಂದ?

ಹೋದ ವರ್ಷ ನಮ್ಮ ಮನೆಗೆ ವಾಷಿಂಗ್ ಮಷೀನ್ ಬಂತು. ಎರಡು ತೊಟ್ಟಿಯದು, ಕಂತಿನ ಮೇಲೆ ತಂದದ್ದು. ಅಂಗಡಿಯ ಹುಡುಗ ಅದನ್ನು ಹಿತ್ತಲ ಬಾಗಿಲ ಹತ್ತಿರ ಇಟ್ಟು, ನೀರು ತುಂಬಿಸಿ, ಗುಂಡಿ ತಿರುಗಿಸಿ ತೋರಿಸಿ ಹೋದ. ಎಂಬತ್ತು ದಾಟಿದ ನಮ್ಮಜ್ಜಿ ಒಂದು ಮಣೆ ಎಳೆದುಕೊಂಡು ಅದರ ಮುಂದೆ ಕೂತಳು. ಬಟ್ಟೆ ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ತಿರುಗುವುದನ್ನು ಸಿನಿಮಾ ನೋಡಿದ ಹಾಗೆ ನೋಡಿದಳು.

ಎಲ್ಲ ಮುಗಿದ ಮೇಲೆ ಹೇಳಿದ್ದು ಇಷ್ಟೇ: "ಒಳ್ಳೇದಾಯ್ತು ಕಣವ್ವ. ಆದ್ರೆ ಐವತ್ತು ವರ್ಷ ತಡವಾಗಿ ಬಂತು."

ಆ ಮಾತು ನನ್ನ ತಲೆಯಲ್ಲಿ ಉಳಿದುಕೊಂಡಿತು. ಐವತ್ತು ವರ್ಷದ ಹಿಂದೆ ನಮ್ಮೂರಲ್ಲಿ ಬಟ್ಟೆ ಒಗೆಯುತ್ತಿದ್ದವರು ಯಾರು? ಯಾತರಿಂದ ಒಗೆಯುತ್ತಿದ್ದರು? ಎಲ್ಲಿಯ ನೀರು? ಅಜ್ಜಿಯನ್ನು ಕೇಳಿದೆ. ನಮ್ಮೂರ ಮಡಿವಾಳರ ಮನೆಯ ಅಜ್ಜಿಯನ್ನು ಕೇಳಿದೆ. ಹಳೆಯ ಪುಸ್ತಕಗಳನ್ನೂ ತೆಗೆದು ನೋಡಿದೆ. ಕೊನೆಗೆ ಅರ್ಥವಾದದ್ದು ಒಂದು ವಿಷಯ. ಬಟ್ಟೆ ಒಗೆಯುವ ಕೆಲಸ ಹಗುರವಾಗುತ್ತಾ ಬಂದಿದೆ, ನಿಜ. ಆದರೆ ಒಬ್ಬರ ಬೆನ್ನಿಂದ ಇಳಿದ ಭಾರ ಪ್ರತಿ ಸಲವೂ ಇನ್ನೊಬ್ಬರ ಬೆನ್ನ ಮೇಲೆ ಕೂತಿದೆ. ಆ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸೋಪಿಗಿಂತ ಮೊದಲು

ನಮ್ಮದು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ಸೀಮೆ. ಮಳೆ ಕಡಿಮೆ. ಬೇಸಿಗೆಯಲ್ಲಿ ಕೆಲವು ತಗ್ಗಿನ ಹೊಲಗಳಲ್ಲಿ, ಹಳ್ಳದ ದಂಡೆಯಲ್ಲಿ ನೆಲದ ಮೇಲೆ ಬಿಳಿ ಹಿಟ್ಟು ಚೆಲ್ಲಿದ ಹಾಗೆ ಕಾಣುತ್ತದೆ. ಅದೇ ಸೌಳು. ಕೆಲವು ಕಡೆ ಚೌಳು ಅಂತಾರೆ, ಸವಳು ಅಂತಲೂ ಅಂತಾರೆ. ರೈತನಿಗೆ ಅದು ಶಾಪ, ಬೆಳೆ ಏಳುವುದಿಲ್ಲ. ಆದರೆ ಬಟ್ಟೆ ಒಗೆಯುವವರಿಗೆ ಅದೇ ಸೋಪು.

ಸೌಳಿನಲ್ಲಿ ಇರುವುದು ಸೋಡಾ. ಈಗ ಅಂಗಡಿಯಲ್ಲಿ 'ವಾಷಿಂಗ್ ಸೋಡಾ' ಅಂತ ಸಿಗುತ್ತದಲ್ಲ, ಅದರದೇ ಕಚ್ಚಾ ರೂಪ. ಸೌಳು ಮಣ್ಣನ್ನು ನೀರಲ್ಲಿ ಕದಡಿ, ಮಣ್ಣು ತಳಕ್ಕೆ ಕೂತ ಮೇಲೆ ಮೇಲಿನ ತಿಳಿನೀರು ತೆಗೆದುಕೊಂಡರೆ ಆಯಿತು. ಆ ನೀರು ಬಟ್ಟೆಯ ಜಿಡ್ಡನ್ನು ಸಡಿಲ ಮಾಡುತ್ತದೆ. ಸೌಳು ಸಿಗದ ಕಡೆ ಒಲೆಯ ಬೂದಿ. ಬೂದಿಯಲ್ಲೂ ಇಂಥದೇ ಒಂದು ಕ್ಷಾರ ಇರುತ್ತದೆ. ಪಾತ್ರೆ ಬೆಳಗಲು ಬೂದಿ ಹಾಕುತ್ತಿದ್ದದ್ದು ಈಗಲೂ ಎಷ್ಟೋ ಜನಕ್ಕೆ ನೆನಪಿರಬಹುದು. ಅದೇ ಬೂದಿಯ ತಿಳಿನೀರಿನಲ್ಲಿ ಬಟ್ಟೆಯನ್ನೂ ನೆನೆಹಾಕುತ್ತಿದ್ದರು.

ಈ ಸೌಳಿಗೆ ಇನ್ನೊಂದು ಉಪಯೋಗವೂ ಇತ್ತು. ನಮ್ಮ ತಾಲ್ಲೂಕಿನ ಮತ್ತೋಡಿನಲ್ಲಿ ಹಿಂದೆ ಗಾಜಿನ ಬಳೆ ಮಾಡುತ್ತಿದ್ದರು. ಟಿಪ್ಪು ಸುಲ್ತಾನ್ ತೀರಿಹೋದ ಮರುವರ್ಷ, ಅಂದರೆ 1800-01ರಲ್ಲಿ, ಬುಕಾನನ್ ಎಂಬ ಇಂಗ್ಲಿಷರ ವೈದ್ಯ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಕಂಡದ್ದನ್ನು ಬರೆದಿಟ್ಟ. ಮತ್ತೋಡಿನ ಗಾಜಿನ ಕೆಲಸವೂ, ಅದಕ್ಕೆ ಬೇಕಾದ ಸೌಳಿನ ವಿಷಯವೂ ಅವನ ಬರಹದಲ್ಲಿ ಇದೆ. ಹೆಂಗಸರ ಕೈಬಳೆಗೂ ಅವರ ಸೀರೆ ಒಗೆಯುವುದಕ್ಕೂ ಒಂದೇ ಮಣ್ಣು ಆಸರೆಯಾಗಿತ್ತು.

ಇನ್ನು ಅಂಟುವಾಳ. ಹಳೇ ಮರದಿಂದ ಕಾಯಿ ಉದುರಿಸಿ, ಬೀಜ ತೆಗೆದು, ಸಿಪ್ಪೆಯನ್ನು ನೀರಲ್ಲಿ ಕಿವುಚಿದರೆ ನೊರೆ ಬರುತ್ತದೆ. ಅದಕ್ಕೇ ಕೆಲವರು ಅದನ್ನು ನೊರೆಕಾಯಿ ಅನ್ನುವುದು. ಸೌಳು, ಬೂದಿ ಖಾರ. ಹತ್ತಿಯ ಬಟ್ಟೆ ಅದನ್ನು ತಡೆದುಕೊಳ್ಳುತ್ತದೆ, ರೇಷ್ಮೆ ಮತ್ತು ಉಣ್ಣೆ ತಡೆದುಕೊಳ್ಳುವುದಿಲ್ಲ, ಎಳೆ ಹಾಳಾಗುತ್ತದೆ. ಅಂಟುವಾಳ ಮೃದು. ಮದುವೆಯ ರೇಷ್ಮೆ ಸೀರೆಯನ್ನು ಅಂಟುವಾಳದಲ್ಲೇ ಅದ್ದಬೇಕು ಅಂತ ಅಜ್ಜಿ ಈಗಲೂ ಹೇಳುವುದು ಸುಮ್ಮನೆ ಅಲ್ಲ.

ಉಬ್ಬೆ ಹಾಕುವುದು ಅಂದರೆ

ಸೌಳು ಇದ್ದರೆ ಸಾಲದು, ಅದನ್ನು ಬಳಸುವ ಕೆಲಸ ಗೊತ್ತಿರಬೇಕು. ಅದು ಗೊತ್ತಿದ್ದವರು ಮಡಿವಾಳರು. ಅಗಸರು ಅಂತಲೂ ಕರೆಯುತ್ತಿದ್ದರು. ಹಳಗನ್ನಡದಲ್ಲಿ ಈ ಮಾತು 'ಅಸಗ' ಎಂದಿತ್ತು.

ಮಡಿವಾಳರ ಅಜ್ಜಿ ನನಗೆ ಕೆಲಸದ ಕ್ರಮವನ್ನು ಬಿಡಿಸಿ ಹೇಳಿದರು. ಮೊದಲ ದಿನ ಮನೆ ಮನೆಯಿಂದ ಮೈಲಿಗೆ ಬಟ್ಟೆ ಗಂಟು ಕಟ್ಟಿಕೊಂಡು ಬರುವುದು. ಕತ್ತೆ ಇದ್ದವರು ಕತ್ತೆಯ ಮೇಲೆ, ಇಲ್ಲದವರು ತಲೆಯ ಮೇಲೆ. ಕೆರೆಯಲ್ಲಿ ಒಂದು ಸಲ ಅದ್ದಿ, ಸೌಳಿನ ನೀರಲ್ಲಿ ನೆನೆಸಿ ಹಿಂಡುವುದು. ಆಮೇಲೆ ಉಬ್ಬೆ. ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ನೀರು ಕುದಿಯುತ್ತಿರುತ್ತದೆ. ಅದರ ಬಾಯಿಯ ಮೇಲೆ ಬಟ್ಟೆಗಳನ್ನು ಸುತ್ತಿ ಸುತ್ತಿ ಗೋಪುರದ ಹಾಗೆ ಒಟ್ಟುವುದು. ರಾತ್ರಿಯಿಡೀ ಆವಿ ಕೆಳಗಿಂದ ಮೇಲಕ್ಕೆ ಬಟ್ಟೆಯೊಳಗೆ ಹಾಯುತ್ತದೆ. ಒಬ್ಬರು ಎದ್ದಿದ್ದು ಸೌದೆ ಹಾಕುತ್ತಿರಬೇಕು.

ಬೆಳಗ್ಗೆ ಆ ಬಟ್ಟೆಯನ್ನು ಕೆರೆಗೆ ಒಯ್ದು ಕಲ್ಲಿನ ಮೇಲೆ ಒಗೆದು, ಎರಡು ಮೂರು ನೀರಲ್ಲಿ ಜಾಲಿಸಿ, ಹಿಂಡಿ, ಹುಲ್ಲಿನ ಮೇಲೆ ಹರವುವುದು. ಬಿಸಿಲು ಬಿಳಿ ಬಟ್ಟೆಯನ್ನು ಇನ್ನಷ್ಟು ಬಿಳಿ ಮಾಡುತ್ತದೆ. ಉಬ್ಬೆಯ ಆವಿ ಕೊಳೆ ಬಿಡಿಸುವುದಷ್ಟೇ ಅಲ್ಲ, ಹೇನು, ಸೀರು, ರೋಗದ ಕ್ರಿಮಿಗಳನ್ನೂ ಕೊಲ್ಲುತ್ತಿತ್ತು. ಈಗ ಆಸ್ಪತ್ರೆಯಲ್ಲಿ ಬಟ್ಟೆಗಳನ್ನು ಹಬೆಯಲ್ಲಿ ಶುದ್ಧ ಮಾಡುವುದೂ ಇದೇ ಲೆಕ್ಕದಲ್ಲಿ.

ಹತ್ತಾರು ಮನೆಯ ಬಿಳಿ ಪಂಚೆ ಒಂದೇ ಉಬ್ಬೆಯಲ್ಲಿ ಬೆಂದರೆ ಯಾರದು ಯಾವುದು ಅಂತ ಗೊತ್ತಾಗುವುದು ಹೇಗೆ? ಅದಕ್ಕೆ ಕರಿಗೇರು ಬೀಜ. ಅದರ ಸಿಪ್ಪೆಯ ರಸ ಬಟ್ಟೆಗೆ ತಾಗಿದರೆ ಕಪ್ಪಗೆ ಕೂರುತ್ತದೆ, ಎಷ್ಟು ಕುದಿಸಿದರೂ ಹೋಗುವುದಿಲ್ಲ. ಒಂದು ಮನೆಗೆ ಒಂದು ಚುಕ್ಕೆ, ಇನ್ನೊಂದಕ್ಕೆ ಎರಡು ಗೀಟು, ಮತ್ತೊಂದಕ್ಕೆ ಕೂಡು ಗುರುತು. ಓದು ಬರಹ ಕಲಿಯಲು ಯಾರೂ ಬಿಡದ ಕಾಲದಲ್ಲಿ ಆ ಹೆಂಗಸು ಊರಿನ ಅಷ್ಟೂ ಮನೆಯ ಗುರುತನ್ನು ಬಾಯಿಪಾಠ ಇಟ್ಟುಕೊಂಡಿದ್ದರು. "ಒಂದು ದಿನಾನೂ ಬಟ್ಟೆ ಅದಲು ಬದಲು ಆಗಿಲ್ಲ ಕಣಮ್ಮ" ಅಂದರು. ಆ ರಸ ತಾಗಿದ ಬೆರಳು ಮಾತ್ರ ಸುಟ್ಟು ಗುಳ್ಳೆ ಏಳುತ್ತಿದ್ದವಂತೆ.

ಒಗೆದಾದ ಮೇಲೆ ಬಿಳಿ ಬಟ್ಟೆಗೆ ನೀಲಿ, ಹತ್ತಿಯ ಸೀರೆ ಪಂಚೆಗೆ ಅಕ್ಕಿ ಗಂಜಿ, ಆಮೇಲೆ ಇದ್ದಿಲು ತುಂಬಿದ ಇಸ್ತ್ರಿ ಪೆಟ್ಟಿಗೆ. ಒಂದು ಗಂಟು ಬಟ್ಟೆ ಮನೆಯಿಂದ ಹೋಗಿ ಮನೆಗೆ ಮರಳಲು ನಾಲ್ಕೈದು ದಿನ.

ಆಯದ ಲೆಕ್ಕ

ಈ ಕೆಲಸಕ್ಕೆ ಕೂಲಿ ಏನು? ದುಡ್ಡಲ್ಲ, ಆಯ. ಹಳೆಯ ಮೈಸೂರು ಸೀಮೆಯ ಪ್ರತಿ ಹಳ್ಳಿಯಲ್ಲೂ ಹನ್ನೆರಡು ಆಯಗಾರರು ಇರುತ್ತಿದ್ದರು. ಬಡಗಿ, ಕಮ್ಮಾರ, ಕುಂಬಾರ, ಕ್ಷೌರಿಕ, ನೀರಗಂಟಿ, ಹೀಗೆ. ಅಗಸರೂ ಅದರಲ್ಲಿ ಒಬ್ಬರು. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ರಾಶಿಯಿಂದ ಇಷ್ಟು ಅಂತ ರಾಗಿ ಜೋಳ ಅಳೆದು ಕೊಡುತ್ತಿದ್ದರು. ಸಂಜೆ ಕುಕ್ಕೆ ಹಿಡಿದು ಮನೆ ಮುಂದೆ ನಿಂತರೆ ಮುದ್ದೆ, ಸಾರು. ಹಬ್ಬಕ್ಕೆ ಹಳೆಯ ಬಟ್ಟೆ.

ಮಳೆ ಬಂದು ಬೆಳೆ ಬಂದರೆ ಆಯ ಸಿಗುತ್ತದೆ. ಬರಗಾಲದಲ್ಲಿ ರಾಶಿಯೇ ಇಲ್ಲದಿದ್ದರೆ? ಆಗಲೂ ಬಟ್ಟೆ ಒಗೆಯಲೇಬೇಕು. ಬೇಡ ಅನ್ನುವ ಹಾಗಿರಲಿಲ್ಲ. ಬೇರೆ ಕೆಲಸಕ್ಕೆ ಹೋಗುವ ಹಾಗೂ ಇರಲಿಲ್ಲ.

ಊರಿಗೆ ಮಡಿವಾಳರು ಬೇಕಾಗಿದ್ದದ್ದು ಬರೀ ಕೊಳೆ ಬಟ್ಟೆಗಲ್ಲ. ದೇವರ ಮೆರವಣಿಗೆಯಲ್ಲಿ, ಮದುವೆಯಲ್ಲಿ ನಡೆಮಡಿ ಹಾಸುವವರು ಅವರು. ಜಾತ್ರೆಯಲ್ಲಿ ಪಂಜು ಹಿಡಿಯುವವರು ಅವರು. ಹೆರಿಗೆಯಾದ ಮನೆಯ ಬಟ್ಟೆ, ಸಾವಾದ ಮನೆಯ ಬಟ್ಟೆ, ಮುಟ್ಟಾದ ಹೆಂಗಸರ ಬಟ್ಟೆ, ಎಲ್ಲ ಹೋಗುತ್ತಿದ್ದದ್ದು ಅವರ ಮನೆಯ ಹೆಂಗಸರ ಕೈಗೆ. ಆ ಬಟ್ಟೆ ಅವರ ಕೈ ದಾಟಿ ಬಂದರೆ ಮಾತ್ರ ಮಡಿ. ಆದರೆ ಹೀಗೆ ಊರನ್ನೆಲ್ಲ ಮಡಿ ಮಾಡಿದವರು ಜಗುಲಿಯ ಕೆಳಗೇ ನಿಲ್ಲಬೇಕಿತ್ತು. ನಮ್ಮ ಮನೆಯ ಜಗುಲಿಯೂ ಅದರಲ್ಲಿ ಒಂದು. ಹತ್ತು ವರ್ಷದ ಹುಡುಗರೂ ಅವರನ್ನು ಏಕವಚನದಲ್ಲಿ ಕೂಗುತ್ತಿದ್ದರು ಅಂತ ನಮ್ಮಜ್ಜಿಯೇ ಹೇಳಿದಳು.

ಇನ್ನೊಂದು ಮಾತನ್ನೂ ಹೇಳಬೇಕು. ಈ ಸೇವೆ ಎಲ್ಲರಿಗೂ ಇರಲಿಲ್ಲ. ದಲಿತರ ಕೇರಿಯ ಬಟ್ಟೆಯನ್ನು ಒಗೆಯಬಾರದು ಅಂತ ಊರಿನ ಮೇಲಿನವರ ಕಟ್ಟಳೆ ಇರುತ್ತಿತ್ತು. ಒಗೆದರೆ ಮಡಿವಾಳರಿಗೇ ಆಯ ನಿಲ್ಲಿಸುತ್ತಿದ್ದರು. ದಿನವೆಲ್ಲ ಕೂಲಿ ಮಾಡಿ ಬಂದ ಆ ಕೇರಿಯ ಹೆಂಗಸರು ತಮ್ಮ ಬಟ್ಟೆಯನ್ನು ತಾವೇ ಒಗೆದುಕೊಳ್ಳಬೇಕು. ಅದಕ್ಕೂ ಊರ ಬಾವಿ ಮುಟ್ಟುವ ಹಾಗಿಲ್ಲ, ಕೆರೆಯಲ್ಲೂ ಬೇರೆ ಕಡೆ. ಜಾತಿಯ ಕಾರಣಕ್ಕೆ ಹೀಗೆ ಸೇವೆ ನಿರಾಕರಿಸುವುದು 1955ರ ಅಸ್ಪೃಶ್ಯತಾ ಅಪರಾಧ ಕಾಯ್ದೆಯಿಂದ ಶಿಕ್ಷೆಯ ವಿಷಯವಾಯಿತು. ಕಾಯ್ದೆ ಬಂದ ಎಷ್ಟೋ ವರ್ಷಗಳ ನಂತರವೂ ಹಳ್ಳಿಗಳಲ್ಲಿ ಕಟ್ಟಳೆ ಹಾಗೇ ಉಳಿದಿತ್ತು.

ಇದನ್ನು ಮೊದಲು ಪ್ರಶ್ನೆ ಮಾಡಿದವರು ನಮ್ಮ ಕಾಲದವರಲ್ಲ. 12ನೇ ಶತಮಾನದಲ್ಲಿ ಈಗಿನ ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವರು ಕಲ್ಯಾಣದ ಶರಣರ ಬಟ್ಟೆ ಮಡಿ ಮಾಡುವ ಕಾಯಕ ಹಿಡಿದಿದ್ದರು. ದುಡಿದು ತಿನ್ನುವವರ ಬಟ್ಟೆಯನ್ನು ಮಾತ್ರ ಒಗೆಯುತ್ತಿದ್ದರು ಎಂದು ಅವರ ಬಗ್ಗೆ ಕಥೆ ಇದೆ. ಬಸವಣ್ಣನವರ ಜೊತೆ ಸರಿಸಮವಾಗಿ ಕೂತು ಮಾತಾಡಿದ ಅವರು 'ಕಲಿದೇವರದೇವ' ಎಂಬ ಅಂಕಿತದಲ್ಲಿ ವಚನ ಬರೆದರು. ಯಾರ ಬಟ್ಟೆ ಒಗೆಯಬೇಕು ಎಂಬುದನ್ನು ಒಗೆಯುವವರೇ ತೀರ್ಮಾನ ಮಾಡಿದ ಕಥೆ ಅದು. ಆಯದ ಹಳ್ಳಿಯಲ್ಲಿ ಆ ತೀರ್ಮಾನ ಅವರ ಕೈಯಲ್ಲಿ ಇರಲಿಲ್ಲ.

ಸಾಬೂನು ಬಂತು, ಸೋಪು ಬಂತು

ಕನ್ನಡದಲ್ಲಿ ಈ ವಸ್ತುವಿಗೆ ಎರಡು ಹೆಸರು. ಸಾಬೂನು ಎಂಬುದು ಅರಬ್ಬಿ ಮೂಲದ ಮಾತು. ಸೋಪು ಇಂಗ್ಲಿಷಿನದು. ಎರಡೂ ಹೊರಗಿನಿಂದ ಬಂದವು. 1888ರಲ್ಲಿ ಕಲ್ಕತ್ತೆಯ ಬಂದರಿಗೆ ಇಂಗ್ಲೆಂಡಿನಿಂದ ಸನ್‌ಲೈಟ್ ಸೋಪಿನ ಪೆಟ್ಟಿಗೆಗಳು ಬಂದಿಳಿದವು. ಬಟ್ಟೆ ಸೋಪು ಅಂಗಡಿಯ ಸರಕಾಗಿ ದೇಶದೊಳಕ್ಕೆ ನಡೆದದ್ದು ಆ ಕಾಲದಲ್ಲಿ. 1917ರಲ್ಲಿ ಟಾಟಾದವರು ಕೊಚ್ಚಿಯ ಕಡೆ ಎಣ್ಣೆಯ ಕಂಪನಿ ಶುರು ಮಾಡಿದರು. ಅವರ 501 ಬಾರ್ ಸೋಪು ನಮ್ಮ ಸೀಮೆಯ ಸಂತೆಗಳವರೆಗೂ ಬಂತು. ಉದ್ದನೆಯ ಬಾರನ್ನು ಅಂಗಡಿಯವನು ತುಂಡು ಮಾಡಿ ಕೊಡುತ್ತಿದ್ದ. ಮೈಸೂರು ಸಂಸ್ಥಾನವೂ ಮೊದಲ ಮಹಾಯುದ್ಧದ ಹೊತ್ತಿಗೆ ಬೆಂಗಳೂರಿನಲ್ಲಿ ಸೋಪಿನ ಕಾರ್ಖಾನೆ ತೆರೆಯಿತು. ಆದರೆ ಅದರ ಹೆಸರುವಾಸಿ ಗಂಧದ ಸೋಪು ಮೈಗೆ ಹಚ್ಚುವುದು, ಬಟ್ಟೆಗಲ್ಲ.

ಬಾರ್ ಸೋಪು ಬಂದ ಮೇಲೆ ಉಬ್ಬೆಯಿಲ್ಲದೆಯೂ ಮನೆಯಲ್ಲೇ ಒಂದೆರಡು ಬಟ್ಟೆ ಒಗೆಯಬಹುದಾಯಿತು. ಆದರೆ ಸೋಪಿಗೆ ಒಂದು ತೊಂದರೆ ಇತ್ತು. ಅದು ಎಣ್ಣೆಯಿಂದ ಮಾಡಿದ್ದು. ಗಡಸು ನೀರಿನಲ್ಲಿ ಇರುವ ಸುಣ್ಣದ ಅಂಶಕ್ಕೆ ಸೇರಿದರೆ ನೊರೆ ಬರುವುದಿಲ್ಲ, ಬಿಳಿ ಗಸಿಯಾಗಿ ಬಟ್ಟೆಗೆ ಅಂಟಿಕೊಳ್ಳುತ್ತದೆ. ಬಿಳಿ ಬಟ್ಟೆ ದಿನ ಕಳೆದಂತೆ ಹಳದಿಯಾಗುತ್ತದೆ. ಮಳೆನೀರು ನಿಂತ ಕೆರೆ ಮೆದು. ಬಾವಿಯ ನೀರು ಗಡಸು. ಆದ್ದರಿಂದ ಸೋಪು ಕೈಗೆ ಬಂದರೂ ಹೆಂಗಸರು ಗಂಟು ಹೊತ್ತು ಕೆರೆಗೇ ಹೋಗಬೇಕಿತ್ತು.

ಬಟ್ಟೆಯೇ ಬದಲಾಯಿತು

ಬಟ್ಟೆ ಒಗೆಯುವ ಇತಿಹಾಸ ಅಂದರೆ ನಾವು ಸೋಪು, ಮಷೀನ್ ಅಂತ ಮಾತಾಡುತ್ತೇವೆ. ಬಟ್ಟೆಯ ಮಾತೇ ಮರೆತುಬಿಡುತ್ತೇವೆ. ನನ್ನ ಲೆಕ್ಕದಲ್ಲಿ ದೊಡ್ಡ ಬದಲಾವಣೆ ಆದದ್ದು ಅಲ್ಲೇ.

1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ಪಾಲಿಯೆಸ್ಟರ್ ನೂಲು ಕಂಡುಹಿಡಿದರು. ಟೆರಿಲಿನ್ ಎಂದು ಅದಕ್ಕೆ ಹೆಸರು. ಮುಂದೆ ಹತ್ತಿಯ ಜೊತೆ ಬೆರೆಸಿ ಟೆರಿಕಾಟ್ ಬಂತು. ಮೊದಮೊದಲು ಇದು ಮದುವೆಯ ಗಂಡು ಹಾಕುವ ಬಟ್ಟೆ. ಆಮೇಲೆ ಸಂತೆಯ ಬಟ್ಟೆ. ನೈಲಾನ್ ಸೀರೆಯೂ ಹೀಗೇ ಬಂತು.

ಹತ್ತಿಯ ಒಂಬತ್ತು ಗಜದ ಸೀರೆ ನೆನೆದರೆ ಎಷ್ಟು ತೂಕ ಅನ್ನುವುದು ಹಿಂಡಿದವರಿಗೇ ಗೊತ್ತು. ಅದಕ್ಕೆ ಇಬ್ಬರು ಬೇಕು, ಒಬ್ಬರು ಆ ತುದಿ, ಒಬ್ಬರು ಈ ತುದಿ. ನೈಲಾನ್, ಪಾಲಿಯೆಸ್ಟರ್ ಸೀರೆ ನೀರು ಕುಡಿಯುವುದೇ ಕಡಿಮೆ. ಒಬ್ಬಳೇ ಹಿಂಡಬಹುದು. ಗಂಟೆಯೊಳಗೆ ಒಣಗುತ್ತದೆ. ಗಂಜಿ ಬೇಡ, ಇಸ್ತ್ರಿ ಬೇಡ. "ಆ ಸೀರೆ ಬಂದ ಮೇಲೆ ನನ್ನ ರಟ್ಟೆ ನೋವು ಅರ್ಧ ಕಡಿಮೆ ಆಯ್ತು" ಅನ್ನುತ್ತಾಳೆ ಅಜ್ಜಿ. ಬಿಸಿಲಲ್ಲಿ ಬೆವರು ಹೀರುವುದಿಲ್ಲ, ಒಲೆಯ ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಅದು ಗೊತ್ತಿದ್ದೂ ಹೆಂಗಸರು ಅದನ್ನೇ ಉಟ್ಟದ್ದು ಬರೀ ಚೆಂದಕ್ಕಲ್ಲ, ಒಗೆಯುವ ಕಷ್ಟ ಕಡಿಮೆ ಅಂತ.

ಮಡಿವಾಳರ ಮನೆಗೆ ಇದರಿಂದ ಮೊದಲ ಪೆಟ್ಟು ಬಿತ್ತು. ಇಂಥ ಬಟ್ಟೆ ಉಬ್ಬೆಯ ಬಿಸಿ ತಡೆಯುವುದಿಲ್ಲ. ಜನ ಅದನ್ನು ಅವರಿಗೆ ಹಾಕುವುದನ್ನೇ ಬಿಟ್ಟರು.

ಪುಡಿಯ ಕಾಲ

ಎರಡನೇ ಪೆಟ್ಟು ಸೋಪಿನ ಪುಡಿಯದು. 1959ರಲ್ಲಿ ಸರ್ಫ್ ಬಂತು. ಇದು ಎಣ್ಣೆಯ ಸೋಪಲ್ಲ, ಡಿಟರ್ಜೆಂಟ್. ಪೆಟ್ರೋಲಿಯಂನಿಂದ ತೆಗೆದ ರಾಸಾಯನಿಕದಿಂದ ಮಾಡಿದ್ದು. ಗಡಸು ನೀರಿನಲ್ಲೂ ಗಸಿ ಕಟ್ಟುವುದಿಲ್ಲ. ಆದರೆ ಬೆಲೆ ಪೇಟೆಯ ಸಂಬಳದಾರರಿಗೆ ಮಾತ್ರ ಎಟುಕುವಂತಿತ್ತು.

1969ರಲ್ಲಿ ಗುಜರಾತಿನಲ್ಲಿ ಸರ್ಕಾರಿ ಇಲಾಖೆಯೊಂದರಲ್ಲಿ ರಸಾಯನ ಶಾಸ್ತ್ರದ ಕೆಲಸದಲ್ಲಿದ್ದ ಕರ್ಸನ್‌ಭಾಯಿ ಪಟೇಲ್ ಮನೆಯಲ್ಲೇ ಪುಡಿ ಬೆರೆಸಿ, ಸೈಕಲ್ ಮೇಲೆ ಅಹಮದಾಬಾದಿನ ಮನೆ ಮನೆಗೆ ಹೋಗಿ ಮಾರಲು ಶುರು ಮಾಡಿದರು. ಮಗಳ ಹೆಸರಿನ ಮೇಲೆ ಅದಕ್ಕೆ ನಿರ್ಮಾ ಎಂದು ಹೆಸರಿಟ್ಟರು. ದೊಡ್ಡ ಕಂಪನಿಯ ಪುಡಿಗಿಂತ ಅದು ಎಷ್ಟೋ ಪಾಲು ಅಗ್ಗ. ಕೈ ಉರಿಯುತ್ತಿತ್ತು ನಿಜ, ಸೋಡಾ ಜಾಸ್ತಿ. ಆದರೆ ಕೂಲಿ ಮಾಡುವವರ ಮನೆಗೂ ಎಟುಕಿತು. ಅದೇ 1969ರಲ್ಲಿ ರಿನ್ ಬಂದು ಡಿಟರ್ಜೆಂಟ್ ಬಾರು ಚಾಲ್ತಿಗೆ ಬಂತು. 1983ರಲ್ಲಿ ಕೇರಳದ ತ್ರಿಶೂರಿನಲ್ಲಿ ಎಂ.ಪಿ. ರಾಮಚಂದ್ರನ್ ಉಜಾಲಾ ನೀಲಿ ಶುರು ಮಾಡಿದರು. ನೀಲಿಯ ಪುಡಿ ಕಲಸಿದಾಗ ಬೀಳುತ್ತಿದ್ದ ಕಲೆಯ ಕಾಟ ತಪ್ಪಿತು.

ಒಂದು ತಲೆಮಾರಿನೊಳಗೆ ಮಡಿವಾಳರ ಕೈಯಲ್ಲಿದ್ದ ಅಷ್ಟೂ ವಿದ್ಯೆ ಪೆಟ್ಟಿಗೆ ಅಂಗಡಿಯಲ್ಲಿ ನೇತಾಡತೊಡಗಿತು. ಸೌಳಿನ ಬದಲು ಪುಡಿ, ಉಬ್ಬೆಯ ಬದಲು ಬಕೆಟ್. ಆಯವೂ ನಿಂತಿತು. ಅವರ ಮಕ್ಕಳು ಕೆಲವರು ಪೇಟೆಗೆ ಹೋಗಿ ಇಸ್ತ್ರಿ ಅಂಗಡಿ ಇಟ್ಟರು, ಕೆಲವರು ಬೆಂಗಳೂರಿನ ದೋಬಿಘಾಟ್ ಸೇರಿದರು, ಕೆಲವರು ಓದಿ ಬೇರೆ ಕೆಲಸಕ್ಕೆ ಹೋದರು. ನಮ್ಮ ರಾಜ್ಯದಲ್ಲಿ ಈ ಸಮುದಾಯ ಹಿಂದುಳಿದ ವರ್ಗಗಳ ಪ್ರವರ್ಗ 2ಎಯಲ್ಲಿದೆ. ಬೇರೆ ಕೆಲವು ರಾಜ್ಯಗಳಲ್ಲಿ ಇರುವ ಹಾಗೆ ಪರಿಶಿಷ್ಟ ಜಾತಿಗೆ ಸೇರಿಸಿ ಎಂಬ ಬೇಡಿಕೆಯನ್ನು ಅವರು ಬಹಳ ಕಾಲದಿಂದ ಇಟ್ಟಿದ್ದಾರೆ.

ಅವರ ಬೆನ್ನಿಂದ ಇಳಿದ ಗಂಟು ಎಲ್ಲಿ ಹೋಯಿತು? ನಮ್ಮ ಮನೆಯ ಹಿತ್ತಲಿಗೆ ಬಂತು. ನಮ್ಮಜ್ಜಿ ಮದುವೆಯಾಗಿ ಬಂದ ಹೊಸದರಲ್ಲಿ ಪಂಚೆ, ದುಪ್ಪಟಿ, ಹೆರಿಗೆ ಬಟ್ಟೆ ಎಲ್ಲ ಹೊರಗೆ ಹೋಗುತ್ತಿದ್ದವು. ಅಮ್ಮ ಬರುವ ಹೊತ್ತಿಗೆ ಎಲ್ಲವೂ ಮನೆಯ ಸೊಸೆಯ ಪಾಲು. ಪುಡಿಯಿಂದ ಒಂದೊಂದು ಬಟ್ಟೆ ಒಗೆಯುವುದು ಸುಲಭವಾಯಿತು. ಸುಲಭ ಅಂತಲೇ ಬಟ್ಟೆ ಹೆಚ್ಚಾಯಿತು. ವಾರಕ್ಕೆ ಎರಡು ಜೊತೆ ಹಾಕುತ್ತಿದ್ದ ಗಂಡಸರು ದಿನಕ್ಕೊಂದು ಅಂಗಿ ಬದಲಿಸಿದರು. ಮಕ್ಕಳಿಗೆ ಸ್ಕೂಲಿನ ಬಿಳಿ ಯೂನಿಫಾರ್ಮ್ ಬಂತು. ಬುಧವಾರ ಸಂಜೆ ಒಗೆದು ಗುರುವಾರಕ್ಕೆ ಒಣಗಿಸಬೇಕು. ಅಮ್ಮನಿಗೆ ಪುಡಿ ಸಿಕ್ಕಿತು, ಬಿಡುವು ಸಿಗಲಿಲ್ಲ.

ನೀರು ಮನೆಗೆ ಬಂದ ಮೇಲೆ

ಬಟ್ಟೆ ಒಗೆಯುವ ಕೆಲಸದಲ್ಲಿ ಒಗೆಯುವುದು ಅರ್ಧ, ನೀರು ಹೊರುವುದು ಅರ್ಧ. ಒಂದು ಬಕೆಟ್ ಬಟ್ಟೆಗೆ ನೆನೆಸಲು ಒಂದು ಕೊಡ, ಒಗೆಯಲು ಒಂದು, ಜಾಲಿಸಲು ಎರಡು ಮೂರು ಕೊಡ ನೀರು. ಕೆರೆ ಬತ್ತಿದ ಮೇಲೆ ಆ ನೀರು ಬೋರ್‌ವೆಲ್‌ನದು. ಮೊದಲು ಕೈಪಂಪು ಒತ್ತಿದರು, ಆಮೇಲೆ ಊರ ತೊಂಬೆಯ ಮುಂದೆ ಸಾಲು ನಿಂತರು.

2019ರ ಆಗಸ್ಟ್ 15ರಂದು ಜಲಜೀವನ ಮಿಷನ್ ಘೋಷಣೆಯಾದಾಗ ದೇಶದ ಹಳ್ಳಿಗಳಲ್ಲಿ ಮನೆಯಲ್ಲೇ ನಲ್ಲಿ ಇದ್ದದ್ದು ಸುಮಾರು ಆರು ಮನೆಗೆ ಒಂದು. ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಎಂದು ಅದನ್ನು ಕರೆದರು. ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕೆಂಬುದು ಲೆಕ್ಕ. ಐದು ಜನರ ಮನೆಗೆ 275 ಲೀಟರ್. ನಲ್ಲಿ ನಮ್ಮ ಹಿತ್ತಲಿಗೆ ಬಂದ ದಿನ ಅಮ್ಮ ಕೊಡವನ್ನು ಅಟ್ಟಕ್ಕೆ ಹಾಕಿದಳು. ಮಷೀನ್ ಬಂದ ದಿನಕ್ಕಿಂತ ಆ ದಿನ ದೊಡ್ಡದು ಅಂತ ಅವಳ ಅಭಿಪ್ರಾಯ. ನಲ್ಲಿ ಇಲ್ಲದೆ ಮಷೀನ್ ಬಂದಿದ್ದರೆ ಅದರ ಬಾಯಿಗೂ ಅವಳೇ ನೀರು ಹೊತ್ತು ಸುರಿಯಬೇಕಿತ್ತು.

ಆದರೆ ಭಾರ ಇಲ್ಲೂ ಸುಮ್ಮನೆ ಮಾಯವಾಗಲಿಲ್ಲ. ಪುಡಿ ಕದಡಿದ ನೀರು ಚರಂಡಿ ಹಿಡಿದು ಎಲ್ಲೋ ಹೋಗುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬರುವುದನ್ನು ಎಲ್ಲರೂ ಫೋನಿನಲ್ಲಿ ನೋಡಿದ್ದೇವೆ. ಆ ನೊರೆಯಲ್ಲಿ ಮನೆಗಳ ಡಿಟರ್ಜೆಂಟಿನ ಪಾಲೂ ಇದೆ. ಹಳ್ಳಿಯಲ್ಲಿ ಅಷ್ಟು ಕಾಣುವುದಿಲ್ಲ, ಹಿತ್ತಲ ಮಣ್ಣಿಗೆ ಇಂಗುತ್ತದೆ. ಪುಡಿಯಲ್ಲಿ ಇರುವ ಸೋಡಾ ವರ್ಷಾನುಗಟ್ಟಲೆ ಒಂದೇ ಕಡೆ ಇಂಗಿದರೆ ಆ ಮಣ್ಣು ಗಟ್ಟಿಯಾಗಿ ಚೌಳಾಗುತ್ತದೆ. ಅಜ್ಜಿಯ ಕಾಲದಲ್ಲಿ ಮಣ್ಣಿನಿಂದ ಸೌಳು ತೆಗೆದು ಬಟ್ಟೆಗೆ ಹಾಕಿದರು. ನಾವು ಬಟ್ಟೆಯಿಂದ ಮಣ್ಣಿಗೆ ಸೌಳು ಹಾಕುತ್ತಿದ್ದೇವೆ. ಮೊದಲ ಸೋಪಿನ ನೀರನ್ನು ಗಿಡದ ಬುಡಕ್ಕೆ ಬಿಡದೆ, ಕೊನೆಯಲ್ಲಿ ಜಾಲಿಸಿದ ನೀರನ್ನು ಮಾತ್ರ ತೆಂಗು ಬಾಳೆಗೆ ಬಿಡುವುದು ಒಳ್ಳೆಯದು. ಪುಡಿ ಜಾಸ್ತಿ ಹಾಕಿದರೆ ಬಟ್ಟೆ ಜಾಸ್ತಿ ಬಿಳಿಯಾಗುವುದಿಲ್ಲ, ಜಾಲಿಸುವ ನೀರು ಮಾತ್ರ ಜಾಸ್ತಿ ಬೇಕು.

ಗುಂಡಿ ತಿರುಗಿಸುವವರು ಯಾರು?

ವಾಷಿಂಗ್ ಮಷೀನ್ ನಮ್ಮ ದೇಶದ ಪೇಟೆಗಳಲ್ಲಿ ಹೆಚ್ಚಾಗಿ ಕಾಣತೊಡಗಿದ್ದು 1980ರ ದಶಕದ ಕೊನೆಯ ಹೊತ್ತಿಗೆ. ಹಳ್ಳಿಗೆ ಅದು ಬಂದದ್ದು ಕರೆಂಟು, ನಲ್ಲಿ, ಕಂತಿನ ಸಾಲ ಮೂರೂ ಕೂಡಿದ ಮೇಲೆ. ಎರಡು ತೊಟ್ಟಿಯ ಮಷೀನ್ ನಮ್ಮಂಥ ಊರಿಗೆ ಹೊಂದುತ್ತದೆ. ಕರೆಂಟು ಹೋದರೆ ನಿಂತ ಕಡೆಯಿಂದ ಮತ್ತೆ ಶುರು ಮಾಡಬಹುದು. ನಲ್ಲಿಯಲ್ಲಿ ರಭಸ ಇಲ್ಲದಿದ್ದರೂ ಬಕೆಟ್ಟಿನಲ್ಲಿ ತುಂಬಬಹುದು. ಬಿಳಿ ಬಟ್ಟೆ ಒಗೆದ ಅದೇ ಸೋಪಿನ ನೀರಿನಲ್ಲಿ ಬಣ್ಣದ್ದು, ಅದರ ಮೇಲೆ ಹೊಲದ ಬಟ್ಟೆ ಹಾಕಬಹುದು.

ಮಷೀನ್ ಬಂದರೂ ಲೆಕ್ಕ ಎಲ್ಲಿ ನಿಂತಿದೆ ನೋಡಿ. 2024ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ. ಗಂಡಸರು 88 ನಿಮಿಷ. ಅದೂ ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ. ಕೈಯೇ ಹಾಕದವರು ಆ ಲೆಕ್ಕದೊಳಗೆ ಬರುವುದೇ ಇಲ್ಲ.

ಕಲ್ಲಿನ ಮೇಲೆ ಒಗೆಯುವ ಕಾಲದಲ್ಲಿ "ಗಂಡಸರಿಗೆ ಆ ಕೆಲಸ ಬರಲ್ಲ" ಅಂತ ಹೇಳುತ್ತಿದ್ದರು. ಅದು ಆಗಲೂ ಸುಳ್ಳು. ಕೆರೆಯಲ್ಲಿ ಸೊಂಟಮಟ್ಟ ನೀರಿನಲ್ಲಿ ನಿಂತು ಒಗೆಯುತ್ತಿದ್ದವರಲ್ಲಿ ಮಡಿವಾಳರ ಗಂಡಸರೂ ಇದ್ದರು. ಈಗಂತೂ ಗುಂಡಿ ತಿರುಗಿಸುವುದು ಕೆಲಸ. ಮೋಟಾರು ಚಾಲೂ ಮಾಡಲು ಬರುವ ಕೈಗೆ ಇದೂ ಬರುತ್ತದೆ. ನಮ್ಮ ಮನೆಯಲ್ಲಿ ಭಾನುವಾರ ಅಪ್ಪನ ಪಾಳಿ ಅಂತ ಮಾಡಿದ್ದೇವೆ. ಮೊದಲ ಸಲ ನನ್ನ ಕೆಂಪು ದುಪಟ್ಟಾ ಜೊತೆ ಅವರ ಬಿಳಿ ಪಂಚೆ ಹಾಕಿ ಗುಲಾಬಿ ಮಾಡಿಕೊಂಡರು. ಎರಡನೇ ಸಲ ಬೇರೆ ಬೇರೆ ಹಾಕಿದರು.

ಕೊನೆಗೆ ಮಡಿವಾಳರ ಅಜ್ಜಿಯ ಮಾತು. ಇಷ್ಟೆಲ್ಲ ಕೇಳಿದ ಮೇಲೆ ನಾನು, "ಅಜ್ಜಿ, ಪೌಡರ್ ಬಂದದ್ದು ನಿಮಗೆ ಒಳ್ಳೆದಾಯ್ತಾ, ಕೆಟ್ಟದ್ದಾಯ್ತಾ?" ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಟ್ಟೆಪಾಡು ಹೋಯ್ತು, ಬೆನ್ನು ಉಳೀತು ಕಣಮ್ಮ. ಮೊಮ್ಮಗಳು ನರ್ಸಿಂಗ್ ಓದ್ತಾವ್ಳೆ. ಅವ್ಳ ಬಟ್ಟೆ ಅವ್ಳೇ ಒಕ್ಕಂತಾಳೆ, ಊರೋರ್ದು ಒಗೆಯಲ್ಲ" ಅಂದರು.

ಅವರ ಹಳೆಯ ಒಗೆಯೋ ಕಲ್ಲು ಈಗಲೂ ಬತ್ತಿದ ಕೆರೆಯ ಅಂಚಿನಲ್ಲಿ ಇದೆ. ಒಗೆದೂ ಒಗೆದೂ ನಡುವೆ ತಗ್ಗು ಬಿದ್ದಿದೆ. ನಿಮ್ಮೂರಲ್ಲೂ ಅಂಥ ಒಂದು ಕಲ್ಲು ಇರಬಹುದು. ಅದರ ಮೇಲೆ ಒಗೆದವರು ಇನ್ನೂ ಇದ್ದರೆ ಹೋಗಿ ಮಾತಾಡಿಸಿ, ಅವರು ಹೇಳಿದ್ದನ್ನು ಬರೆದಿಡಿ. ಮಾತಾಡಿಸುವಾಗ ಬಹುವಚನದಲ್ಲಿ ಮಾತಾಡಿಸಿ.